ನಾಯಕರ ಸಿನಿಮಾದಲ್ಲಿ ಜನರೆಲ್ಲಿ?

ಅಮೆರಿಕದ ಅಲಬಾಮಾ ರಾಜ್ಯದ ಸೆಲ್ಮಾ ಪಟ್ಟಣ. ಆನಿ ಲೀ ಕೂಪರ್ ಎಂಬ ಕಪ್ಪು ಮಹಿಳೆ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಅರ್ಜಿ ತುಂಬಿ ಸರ್ಕಾರಿ ಕಚೇರಿಯ ಕಿಟಕಿಯ ಮುಂದೆ ನಿಂತಿದ್ದಾರೆ. ಹಿಂದೆಯೂ ಬಂದು ವಾಪಸ್ ಹೋದವರು. ಸಂವಿಧಾನದ ಪೀಠಿಕೆ ಹೇಳು ಅನ್ನುತ್ತಾನೆ ಒಳಗಿದ್ದ ಬಿಳಿಯ ಗುಮಾಸ್ತ. ಹೇಳುತ್ತಾರೆ. ರಾಜ್ಯದಲ್ಲಿ ಕೌಂಟಿ ನ್ಯಾಯಾಧೀಶರು ಎಷ್ಟು ಮಂದಿ ಅನ್ನುತ್ತಾನೆ. ಅರವತ್ತೇಳು ಅನ್ನುತ್ತಾರೆ. ಅಷ್ಟೂ ಜನರ ಹೆಸರು ಹೇಳು ಅನ್ನುತ್ತಾನೆ. ಅರ್ಜಿಯ ಮೇಲೆ ತಿರಸ್ಕಾರದ ಮೊಹರು ಬೀಳುತ್ತದೆ. ಏವಾ ಡುವರ್ನೆ ನಿರ್ದೇಶಿಸಿದ 'ಸೆಲ್ಮಾ' (2014) ಮಾರ್ಟಿನ್ ಲೂಥರ್ ಕಿಂಗ್ ಅವರ ಕುರಿತ ಸಿನಿಮಾ. ಆದರೆ ಹೋರಾಟ ಯಾತಕ್ಕಾಗಿ ಎಂಬುದು ನೋಡುವವರ ಎದೆಗೆ ತಾಗುವುದು ಕಿಂಗ್ ಇಲ್ಲದ ಈ ದೃಶ್ಯದಲ್ಲಿ.

ನಾಗರಿಕ ಹಕ್ಕುಗಳ ನಾಯಕರ ಮೇಲೆ ಬಂದಿರುವ ಜೀವನಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಎಲ್ಲದರ ಬುಡದಲ್ಲೂ ಇರುವ ಒಂದು ತೊಡಕು ಎದ್ದು ಕಾಣುತ್ತದೆ. ಚಳವಳಿ ಸಾವಿರಾರು ಜನರ ಕೆಲಸ. ಕರಪತ್ರ ಹಂಚಿದವರು, ಅಡುಗೆ ಮಾಡಿದವರು, ಕೆಲಸ ಕಳೆದುಕೊಂಡವರು, ಲಾಠಿ ತಿಂದವರು ಎಲ್ಲರೂ ಸೇರಿದರೆ ಅದು ಚಳವಳಿ. ಸಿನಿಮಾಕ್ಕೆ ಬೇಕಾದದ್ದು ಒಂದು ಮುಖ, ಒಂದು ಜನನ, ಒಂದು ಮರಣ, ನಡುವೆ ಒಂದೆರಡು ದೊಡ್ಡ ಭಾಷಣ. ನಾಯಕ ಎತ್ತರವಾಗುತ್ತಾ ಹೋದಷ್ಟೂ ಸುತ್ತಲಿನವರು ಗುಂಪಾಗಿ ಕರಗುತ್ತಾರೆ. ಈ ತೊಡಕನ್ನು ಗೆದ್ದ ಸಿನಿಮಾಗಳು ಕೆಲವೇ ಇವೆ, ಸೋತವುಗಳೇ ಹೆಚ್ಚು.

ಸೋತವುಗಳನ್ನು ಮೊದಲು ನೋಡೋಣ. ಅಲನ್ ಪಾರ್ಕರ್ ಅವರ 'ಮಿಸಿಸಿಪಿ ಬರ್ನಿಂಗ್' (1988) ಜೀವನಚಿತ್ರವಲ್ಲ. ಆದರೂ ಈ ಬಗೆಯ ಸಿನಿಮಾಗಳ ರೋಗ ಅದರಲ್ಲಿ ಢಾಳಾಗಿ ಕಾಣುತ್ತದೆ. 1964ರ ಜೂನ್‌ನಲ್ಲಿ ಮಿಸಿಸಿಪಿಯಲ್ಲಿ ಜೇಮ್ಸ್ ಚೇನಿ, ಆಂಡ್ರ್ಯೂ ಗುಡ್‌ಮನ್, ಮೈಕೇಲ್ ಶ್ವರ್ನರ್ ಎಂಬ ಮೂವರು ಕಾರ್ಯಕರ್ತರನ್ನು ಕೊಂದ ಪ್ರಕರಣ ಅದರ ಆಧಾರ. ಸಿನಿಮಾದ ವೀರರು ಇಬ್ಬರು ಬಿಳಿಯ ಎಫ್‌ಬಿಐ ಅಧಿಕಾರಿಗಳು. ಕಪ್ಪು ಜನ ಹೆದರಿ ಕೂತವರು, ಹೊಡೆಸಿಕೊಂಡವರು, ಪ್ರಾರ್ಥಿಸುವವರು. ಇದೇ ಎಫ್‌ಬಿಐ ಅದೇ ವರ್ಷಗಳಲ್ಲಿ ಕಿಂಗ್ ಅವರ ಹೋಟೆಲ್ ಕೋಣೆಗಳಲ್ಲಿ ಧ್ವನಿಗ್ರಾಹಕ ಅಡಗಿಸಿಡುತ್ತಿತ್ತು ಎಂಬುದು ಗೊತ್ತಿದ್ದವರಿಗೆ ಈ ಸಿನಿಮಾ ನುಂಗಲಾರದ ತುತ್ತು.

ರಿಚರ್ಡ್ ಅಟೆನ್‌ಬರೋ ಅವರ 'ಕ್ರೈ ಫ್ರೀಡಮ್' (1987) ಇನ್ನೂ ಹೆಚ್ಚು ಬೇಸರ ತರಿಸುತ್ತದೆ, ಯಾಕೆಂದರೆ ಅದರ ಉದ್ದೇಶ ಒಳ್ಳೆಯದು. ದಕ್ಷಿಣ ಆಫ್ರಿಕಾದ ಸ್ಟೀವ್ ಬಿಕೊ 1977ರ ಸೆಪ್ಟೆಂಬರ್ 12ರಂದು ಪೊಲೀಸ್ ವಶದಲ್ಲಿದ್ದಾಗ ಸತ್ತರು. ಆ ಪಾತ್ರವನ್ನು ಡೆನ್ಝಿಲ್ ವಾಷಿಂಗ್ಟನ್ ಎಷ್ಟು ಜೀವಂತವಾಗಿ ಮಾಡಿದ್ದಾರೆಂದರೆ ಅವರು ಪರದೆ ಬಿಟ್ಟು ಹೋದ ಮೇಲೆ ಸಿನಿಮಾವೇ ಬಡವಾಗುತ್ತದೆ. ಅವರು ಹೋಗುವುದು ಅರ್ಧದಲ್ಲೇ! ಉಳಿದ ಅರ್ಧ ಬಿಕೊ ಅವರ ಗೆಳೆಯ, ಬಿಳಿಯ ಪತ್ರಕರ್ತ ಡೊನಾಲ್ಡ್ ವುಡ್ಸ್ ಗಡಿ ದಾಟಿ ಪಾರಾಗುವ ಕಥೆ. ವುಡ್ಸ್ ಧೈರ್ಯವಂತರು, ಅದರಲ್ಲಿ ಸಂದೇಹವಿಲ್ಲ. ಆದರೆ ಕಪ್ಪು ಜನ ತಮ್ಮ ಮನಸ್ಸನ್ನು ತಾವೇ ಬಿಡಿಸಿಕೊಳ್ಳಬೇಕು ಎಂದು ಜೀವನವಿಡೀ ಹೇಳಿದ ಮನುಷ್ಯನ ಕಥೆಯನ್ನು ಬಿಳಿಯನೊಬ್ಬನ ಪಲಾಯನವಾಗಿ ಮುಗಿಸುವುದು ಆ ಮನುಷ್ಯನ ಮಾತಿಗೇ ಮಾಡಿದ ಅನ್ಯಾಯ.

ಐದು ವರ್ಷಗಳ ನಂತರ ಅದೇ ಡೆನ್ಝಿಲ್ ವಾಷಿಂಗ್ಟನ್ 'ಮಾಲ್ಕಮ್ ಎಕ್ಸ್' (1992) ಮಾಡಿದರು. ಈ ಸಿನಿಮಾ ತಯಾರಾದ ಕಥೆಯೇ ಒಂದು ಹೋರಾಟ. ಅರವತ್ತರ ದಶಕದ ಕೊನೆಯಿಂದ ಚಿತ್ರಕಥೆ ಕೈಯಿಂದ ಕೈಗೆ ಓಡಾಡಿತ್ತು. ಜೇಮ್ಸ್ ಬಾಲ್ಡ್‌ವಿನ್ ಅವರಂಥ ದೊಡ್ಡ ಲೇಖಕ ಅದನ್ನು ಬರೆದು ಹಾಲಿವುಡ್‌ನಿಂದ ಬೇಸತ್ತು ಹೊರಬಂದಿದ್ದರು. ಮೊದಲು ನಿರ್ದೇಶನ ಮಾಡಬೇಕಿದ್ದವರು ನಾರ್ಮನ್ ಜೂವಿಸನ್. ಈ ಬದುಕನ್ನು ಕಪ್ಪು ನಿರ್ದೇಶಕನೇ ತೆರೆಗೆ ತರಬೇಕು ಎಂದು ಸ್ಪೈಕ್ ಲೀ ಬಹಿರಂಗವಾಗಿ ಜಗಳ ತೆಗೆದರು, ಜೂವಿಸನ್ ಹಿಂದೆ ಸರಿದರು. ಲೀ ಕೈಗೆ ಬಂದ ಮೇಲೆ ಹಾರ್ಲೆಮ್‌ನಲ್ಲಿ ಕವಿ ಅಮಿರಿ ಬರಾಕಾ ಮುಂತಾದವರು, ಈತ ನಮ್ಮ ಮಾಲ್ಕಮ್‌ನನ್ನು ಹಾಳುಮಾಡುತ್ತಾನೆ ಎಂದು ಅವರ ವಿರುದ್ಧವೇ ಪ್ರತಿಭಟಿಸಿದರು. ಕೊನೆಗೆ ದುಡ್ಡು ಮುಗಿಯಿತು. ಸಿನಿಮಾ ಮುಗಿಸಿಕೊಡುವ ಜಾಮೀನು ಹೊತ್ತಿದ್ದ ಕಂಪನಿ ಹಿಡಿತ ತೆಗೆದುಕೊಂಡು ಸಂಕಲನದ ಕೆಲಸ ನಿಲ್ಲಿಸಿತು. ಲೀ ತಮ್ಮ ಸಂಭಾವನೆಯನ್ನು ಸುರಿದರು, ಓಪ್ರಾ ವಿನ್‌ಫ್ರೀ, ಮೈಕೇಲ್ ಜೋರ್ಡನ್, ಮ್ಯಾಜಿಕ್ ಜಾನ್ಸನ್, ಪ್ರಿನ್ಸ್, ಜಾನೆಟ್ ಜಾಕ್ಸನ್, ಟ್ರೇಸಿ ಚಾಪ್‌ಮನ್ ಮುಂತಾದವರ ಬಾಗಿಲು ತಟ್ಟಿದರು. ಅವರು ಕೊಟ್ಟದ್ದು ಸಾಲವೂ ಅಲ್ಲ, ಹೂಡಿಕೆಯೂ ಅಲ್ಲ, ಬರೀ ಕೊಡುಗೆ. ಹಾಗಾಗಿ 3 ಗಂಟೆ 22 ನಿಮಿಷದ ಸಿನಿಮಾ ಕತ್ತರಿಗೆ ಸಿಗದೆ ಉಳಿಯಿತು.

ಹುಟ್ಟಿನಿಂದ ಸಾವಿನವರೆಗೆ ಹೇಳುವ ಜೀವನಚಿತ್ರಗಳು ಸಾಮಾನ್ಯವಾಗಿ ಪಠ್ಯಪುಸ್ತಕದ ಹಾಗೆ ಆಗಿಬಿಡುತ್ತವೆ. ಇಡ್ರಿಸ್ ಎಲ್ಬಾ ನಟಿಸಿದ 'ಮಂಡೇಲಾ: ಲಾಂಗ್ ವಾಕ್ ಟು ಫ್ರೀಡಮ್' (2013) ಅಂಥದ್ದು. ಎಲ್ಲ ಘಟನೆಗಳೂ ಇವೆ, ಯಾವುದೂ ನಿಲ್ಲುವುದಿಲ್ಲ. 'ಮಾಲ್ಕಮ್ ಎಕ್ಸ್' ಆ ಗತಿಗೆ ಬೀಳದಿರಲು ಕಾರಣ ಮಾಲ್ಕಮ್ ಅವರ ಬದುಕೇ. ಬಾಸ್ಟನ್ನಿನ ಕುಣಿತದ ಮನೆಗಳಲ್ಲಿ ಕೂದಲು ನೆಟ್ಟಗೆ ಮಾಡಿಸಿಕೊಂಡು ಮೆರೆಯುವ ಹುಡುಗ, ಕಳ್ಳ, ಕೈದಿ, ಜೈಲಿನಲ್ಲಿ ನಿಘಂಟನ್ನು ಒಂದೊಂದೇ ಪದವಾಗಿ ಓದುವವನು, ನೇಷನ್ ಆಫ್ ಇಸ್ಲಾಂ ಸಂಘಟನೆಯ ಮಾತುಗಾರ, ಅದರಿಂದ ಹೊರಬಿದ್ದವನು, ಮೆಕ್ಕಾ ಯಾತ್ರಿಕ. ಈ ಮನುಷ್ಯ ತನ್ನನ್ನು ತಾನೇ ಮತ್ತೆ ಮತ್ತೆ ತಿದ್ದಿಕೊಂಡ. ಆ ತಿದ್ದುಪಡಿಗಳನ್ನು ತೋರಿಸಲು ಇಡೀ ಬದುಕೇ ಬೇಕು. ಮೊದಲ ಒಂದು ಗಂಟೆಯ ಹಾಡು, ಬಣ್ಣ, ಕುಣಿತ ದಂಡ ಎಂದು ದೂರಿದವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಆ ಹುಡುಗನ ಸುಖ ನೋಡದೆ ಆಮೇಲಿನ ಕಟ್ಟುನಿಟ್ಟಿನ ಬೆಲೆ ತಿಳಿಯುವುದಿಲ್ಲ.

ಆ ಸಿನಿಮಾದ ಅತ್ಯಂತ ಬಲವಾದ ದೃಶ್ಯದಲ್ಲಿ ಮಾಲ್ಕಮ್ ಹೆಚ್ಚು ಮಾತಾಡುವುದೇ ಇಲ್ಲ. 1957ರಲ್ಲಿ ಹಾರ್ಲೆಮ್‌ನಲ್ಲಿ ಪೊಲೀಸರು ಒಬ್ಬ ಮುಸ್ಲಿಮನನ್ನು ತಲೆ ಒಡೆಯುವಂತೆ ಹೊಡೆದು ಠಾಣೆಯಲ್ಲಿ ಕೂಡಿಹಾಕಿದ್ದ ಘಟನೆ ಅದು. ಸೂಟು ತೊಟ್ಟ ಗಂಡಸರು ಸಾಲಾಗಿ, ಸದ್ದಿಲ್ಲದೆ ಠಾಣೆಯ ಮುಂದೆ ನಿಲ್ಲುತ್ತಾರೆ. ಗಾಯಾಳು ಆಸ್ಪತ್ರೆ ಸೇರಿದ್ದು ಖಾತ್ರಿಯಾದ ಮೇಲೆ ಮಾಲ್ಕಮ್ ಕೈಯಲ್ಲಿ ಒಂದು ಸನ್ನೆ ಮಾಡುತ್ತಾರೆ, ಸಾಲು ತಿರುಗಿ ಹೊರಡುತ್ತದೆ. ಪೊಲೀಸ್ ಅಧಿಕಾರಿ ಹೆದರುವುದು ಆ ಶಿಸ್ತಿಗೆ. ಸಂಘಟನೆ ಅಂದರೆ ಏನು ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ಬೇರೆ ದೃಶ್ಯ ನಾನು ಕಂಡಿಲ್ಲ.

ಕೊರತೆಗಳೂ ಇವೆ. ಮಾಲ್ಕಮ್‌ಗೆ ಆಸರೆಯಾಗಿದ್ದ, ಮೆಕ್ಕಾ ಯಾತ್ರೆಗೆ ಹಣ ಹೊಂದಿಸಿಕೊಟ್ಟ ಅಕ್ಕ ಎಲ್ಲಾ ಕಾಲಿನ್ಸ್ ಸಿನಿಮಾದಲ್ಲಿ ಇಲ್ಲವೇ ಇಲ್ಲ. ಜೈಲಿನಲ್ಲಿ ದಾರಿ ತೋರಿಸುವ ಬೇನ್ಸ್ ಎಂಬ ಪಾತ್ರ ಹಲವರನ್ನು ಕಲಸಿ ಮಾಡಿದ್ದು. ಆದರೆ ಒಂದು ವಿಷಯದಲ್ಲಿ ಸಿನಿಮಾ ನ್ಯಾಯಾಲಯಕ್ಕಿಂತ ಮುಂದಿತ್ತು. 1965ರ ಫೆಬ್ರವರಿ 21ರಂದು ನ್ಯೂಯಾರ್ಕಿನ ಆಡುಬಾನ್ ಸಭಾಂಗಣದಲ್ಲಿ ಮಾಲ್ಕಮ್ ಅವರನ್ನು ಗುಂಡಿಟ್ಟು ಕೊಂದ ಪ್ರಕರಣದಲ್ಲಿ ಮೂವರಿಗೆ ಶಿಕ್ಷೆಯಾಯಿತು. ಅವರಲ್ಲಿ ತಪ್ಪೊಪ್ಪಿಕೊಂಡ ಥಾಮಸ್ ಹೇಯರ್, ಉಳಿದಿಬ್ಬರು ನಿರಪರಾಧಿಗಳು ಎಂದು ಹೇಳುತ್ತಲೇ ಬಂದು ಎಪ್ಪತ್ತರ ದಶಕದಲ್ಲಿ ನಿಜವಾದ ಜೊತೆಗಾರರ ಹೆಸರು ಕೊಟ್ಟಿದ್ದ. ಲೀ ಅವರ ಸಿನಿಮಾದಲ್ಲಿ ಗುಂಡು ಹಾರಿಸುವವರು ಆ ಹೇಳಿಕೆಯಲ್ಲಿದ್ದ ಜನ. ನ್ಯೂಯಾರ್ಕ್ ನ್ಯಾಯಾಲಯ ಮುಹಮ್ಮದ್ ಅಜೀಜ್ ಮತ್ತು ಖಲೀಲ್ ಇಸ್ಲಾಂ ಅವರ ಶಿಕ್ಷೆ ರದ್ದುಮಾಡಿದ್ದು 2021ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಇಸ್ಲಾಂ ಸತ್ತು 12 ವರ್ಷವಾಗಿತ್ತು. ಜೀವನಚಿತ್ರಗಳು ಇತಿಹಾಸ ತಿರುಚುತ್ತವೆ ಎಂದು ಸುಲಭವಾಗಿ ದೂರುವಾಗ ಇದನ್ನೂ ನೆನಪಿಡಬೇಕು.

ಈಗ 'ಸೆಲ್ಮಾ'ಕ್ಕೆ ಮರಳುತ್ತೇನೆ, ಏಕೆಂದರೆ ನಾಯಕರ ಸಿನಿಮಾದಲ್ಲಿ ಜನರೆಲ್ಲಿ ಎಂಬ ಪ್ರಶ್ನೆಗೆ ನನ್ನ ಮಟ್ಟಿಗೆ ಅತ್ಯುತ್ತಮ ಉತ್ತರ ಅದರಲ್ಲಿದೆ. ಡುವರ್ನೆ ಕಿಂಗ್ ಅವರ ಬದುಕಿನಿಂದ ಕೆಲವೇ ತಿಂಗಳು ಆರಿಸಿಕೊಂಡರು. ಬಾಲ್ಯವಿಲ್ಲ, ಮಾಂಟ್‌ಗೊಮರಿ ಬಸ್ ಬಹಿಷ್ಕಾರವಿಲ್ಲ, ಮೆಂಫಿಸ್‌ನ ಕೊಲೆಯೂ ಇಲ್ಲ. 1964ರ ಕೊನೆಯಲ್ಲಿ ಬಂದ ನೊಬೆಲ್ ಪ್ರಶಸ್ತಿಯಿಂದ 1965ರ ಮಾರ್ಚ್ ಪಾದಯಾತ್ರೆಯವರೆಗೆ ಅಷ್ಟೇ. ಕಾಲ ಕಿರಿದಾದ ಕೂಡಲೇ ಜಾಗ ಹಿರಿದಾಯಿತು. ಆನಿ ಲೀ ಕೂಪರ್ ಬಂದರು. ಮನೆಯ ಬಾಗಿಲು ತೆರೆದಿಟ್ಟ ಅಮೀಲಿಯಾ ಬಾಯ್ನ್‌ಟನ್ ಬಂದರು. ಅಜ್ಜ ಮತ್ತು ಅಮ್ಮನ ಜೊತೆ ಮೆರವಣಿಗೆಗೆ ಹೋಗಿ ಪೊಲೀಸ್ ಗುಂಡಿಗೆ ಸತ್ತ ಜಿಮ್ಮಿ ಲೀ ಜಾಕ್ಸನ್ ಬಂದರು. ಕಿಂಗ್ ಅವರನ್ನು ಪ್ರಶ್ನಿಸುವ ಯುವಕರು, ಜಾನ್ ಲೂಯಿಸ್, ಡಯಾನ್ ನ್ಯಾಷ್, ಜೇಮ್ಸ್ ಬೆವೆಲ್, ಹೋಸಿಯಾ ವಿಲಿಯಮ್ಸ್ ಬಂದರು. ಸೆಲ್ಮಾ ಇರುವ ಡಲ್ಲಾಸ್ ಕೌಂಟಿಯಲ್ಲಿ ಆಗ ಅರ್ಧದಷ್ಟು ಜನ ಕಪ್ಪು ವರ್ಣದವರು, ಅವರಲ್ಲಿ ಮತದಾರರ ಪಟ್ಟಿಯಲ್ಲಿದ್ದವರು ನೂರಕ್ಕೆ ಎರಡು ಮೂರು ಮಂದಿ. ಯಾವ ಊರು ಆರಿಸಬೇಕು, ಯಾವ ಶೆರಿಫ್ ತಾಳ್ಮೆ ಕಳೆದುಕೊಂಡು ಕ್ಯಾಮೆರಾಗಳ ಮುಂದೆ ಕೈಮಾಡುತ್ತಾನೆ, ಜೈಲು ತುಂಬಿದರೆ ಜಾಮೀನಿಗೆ ದುಡ್ಡೆಲ್ಲಿ ಎಂಬ ಲೆಕ್ಕಾಚಾರ ಅಡುಗೆಮನೆಯ ಮೇಜಿನ ಸುತ್ತ ನಡೆಯುತ್ತದೆ. ಅಹಿಂಸೆ ಇಲ್ಲಿ ಸಂತನ ಗುಣವಾಗಿ ಬರುವುದಿಲ್ಲ, ಕಷ್ಟಪಟ್ಟು ರೂಪಿಸಿದ ತಂತ್ರವಾಗಿ ಬರುತ್ತದೆ.

1965ರ ಮಾರ್ಚ್ 7ರ ಭಾನುವಾರ ಸುಮಾರು 600 ಮಂದಿ ಎಡ್ಮಂಡ್ ಪೆಟಸ್ ಸೇತುವೆ ದಾಟಿದರು. ಸೇತುವೆಗೆ ಹೆಸರು ಕೊಟ್ಟ ಪೆಟಸ್, ಗುಲಾಮಗಿರಿ ಉಳಿಸಲು ಯುದ್ಧ ಮಾಡಿದ ದಕ್ಷಿಣದ ಸೇನಾಧಿಕಾರಿ. ಆ ಕಡೆ ಕುದುರೆ ಏರಿದವರು, ಲಾಠಿ ಹಿಡಿದವರು, ಅಶ್ರುವಾಯು ಹೊತ್ತವರು ಕಾದಿದ್ದರು. ಆ ರಾತ್ರಿ ಎಬಿಸಿ ವಾಹಿನಿ ನಾಜಿ ಅಪರಾಧಿಗಳ ವಿಚಾರಣೆ ಕುರಿತ ಒಂದು ಸಿನಿಮಾ ಪ್ರಸಾರ ಮಾಡುತ್ತಿತ್ತು. ಅದನ್ನು ನಡುವೆ ನಿಲ್ಲಿಸಿ ಸೇತುವೆಯ ಬಳಿ ನಡೆದ ಹಲ್ಲೆಯ ಚಿತ್ರಗಳನ್ನು ತೋರಿಸಿತು. ಡುವರ್ನೆ ಈ ಘಟನೆಯನ್ನು ಅದೇ ಸೇತುವೆಯ ಮೇಲೆ ಚಿತ್ರಿಸಿದ್ದಾರೆ. ಅದರ ಮೇಲೆ ಪತ್ರಕರ್ತನೊಬ್ಬ ಫೋನಿನಲ್ಲಿ ವರದಿ ಓದುವ ದನಿ ಕೇಳಿಸುತ್ತದೆ. ಈ ಹೊತ್ತಿನಲ್ಲಿ ಕಿಂಗ್ ಸ್ಥಳದಲ್ಲೇ ಇಲ್ಲ! ನಾಯಕನ ಸಿನಿಮಾದ ಮುಖ್ಯ ಘಟನೆ ನಾಯಕನಿಲ್ಲದೆ ನಡೆಯುತ್ತದೆ, ಯಾಕೆಂದರೆ ಇತಿಹಾಸದಲ್ಲಿ ನಡೆದದ್ದೇ ಹಾಗೆ.

ಕಿಂಗ್ ಅವರ ಭಾಷಣಗಳ ಹಕ್ಕು ಅವರ ವಾರಸುದಾರರದ್ದು. ಸಿನಿಮಾಕ್ಕೆ ಬಳಸುವ ಹಕ್ಕು ಆಗಲೇ ಬೇರೆ ಸ್ಟುಡಿಯೋಗೆ ಹೋಗಿತ್ತು. ಹಾಗಾಗಿ ಡುವರ್ನೆ ಪ್ರತಿ ಭಾಷಣವನ್ನೂ ಹೊಸದಾಗಿ, ಕಿಂಗ್ ಅವರ ಲಯದಲ್ಲಿ, ಅವರ ಒಂದು ವಾಕ್ಯವನ್ನೂ ಎತ್ತಿಕೊಳ್ಳದೆ ಬರೆದರು. ಇದು ಸಿನಿಮಾಕ್ಕೆ ವರವಾಯಿತು. ಬಾಯಿಪಾಠವಾದ ಮಾತುಗಳಿಗೆ ನಾವು ಚಪ್ಪಾಳೆ ಹೊಡೆಯುತ್ತೇವೆ, ಹೊಸ ಮಾತನ್ನು ಮಾತ್ರ ಕಿವಿಗೊಟ್ಟು ಕೇಳುತ್ತೇವೆ. ಡೇವಿಡ್ ಒಯೆಲೊವೊ ಅವರ ಕಿಂಗ್ ಸುಸ್ತಾದ, ಅನುಮಾನಪಡುವ, ಹೆಂಡತಿಗೆ ಉತ್ತರ ಹೇಳಲಾರದೆ ಕೂರುವ ಮನುಷ್ಯ. ಎಫ್‌ಬಿಐ ಕದ್ದು ಧ್ವನಿಮುದ್ರಿಸಿ ಕಳಿಸಿದ ಟೇಪನ್ನು ಹೆಂಡತಿ ಕೊರೆಟ್ಟಾ ಅವರೊಂದಿಗೆ ಕೂತು ಕೇಳುವ ದೃಶ್ಯದಲ್ಲಿ ಆ ಮೌನ ಎಷ್ಟು ಹೊತ್ತು ಉಳಿಯುತ್ತದೆ! ಇಂಥ ದೃಶ್ಯ ನಾಯಕರ ಗೌರವ ಕಳೆಯುತ್ತದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ತಪ್ಪು ಮಾಡಿದ ಮನುಷ್ಯ ಇಷ್ಟೆಲ್ಲ ಮಾಡಿದರು ಎಂಬುದರಲ್ಲೇ ನಮ್ಮ ನಿಮ್ಮಂಥವರಿಗೆ ಧೈರ್ಯವಿದೆ.

ಸಿನಿಮಾ ಬಂದಾಗ ಎದ್ದ ದೊಡ್ಡ ಗದ್ದಲ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಪಾತ್ರದ ಬಗ್ಗೆ. ಜಾನ್ಸನ್ ಅವರ ಆಪ್ತರಾಗಿದ್ದ ಜೋಸೆಫ್ ಕ್ಯಾಲಿಫಾನೊ, ಸೆಲ್ಮಾ ಹೋರಾಟ ಜಾನ್ಸನ್ ಅವರದೇ ಯೋಚನೆ ಎಂದು ಬರೆದುಬಿಟ್ಟರು. ಇದು ಅತಿಯಾಯಿತು. ಡಲ್ಲಾಸ್ ಕೌಂಟಿಯ ಜನ ವರ್ಷಗಳಿಂದ ಮತದಾರರ ನೋಂದಣಿ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದರು. ಆದರೆ ಆ ಟೇಪಿನ ಕೃತ್ಯದಲ್ಲಿ ಜಾನ್ಸನ್ ಅವರ ಕೈಯಿದೆ ಎಂಬಂತೆ ಸಿನಿಮಾ ಸೂಚಿಸುವುದಕ್ಕೆ ಇತಿಹಾಸಕಾರರು ಎತ್ತಿದ ಆಕ್ಷೇಪ ನ್ಯಾಯವಾದದ್ದೇ. ಜೇಮ್ಸ್ ಫೋರ್ಮನ್ ಅವರಂಥ ಗಟ್ಟಿ ಸಂಘಟಕರನ್ನು ಮುನಿಸಿಕೊಂಡ ಹುಡುಗನಂತೆ ತೋರಿಸಿದ್ದು ನನಗೆ ಅದಕ್ಕಿಂತಲೂ ದೊಡ್ಡ ತಪ್ಪಾಗಿ ಕಾಣುತ್ತದೆ, ಆದರೆ ಆ ಬಗ್ಗೆ ಅಂಥ ಗದ್ದಲವಾಗಲಿಲ್ಲ. ಈ ಹೋರಾಟದ ಫಲವಾದ ಮತದಾನ ಹಕ್ಕು ಕಾಯ್ದೆಗೆ ಜಾನ್ಸನ್ ಸಹಿ ಹಾಕಿದ್ದು 1965ರ ಆಗಸ್ಟ್ 6ರಂದು. ಸಿನಿಮಾ ತೆರೆಗೆ ಬರುವ ಹಿಂದಿನ ವರ್ಷ, 2013ರಲ್ಲಿ, ಅದೇ ಅಲಬಾಮಾದ ಶೆಲ್ಬಿ ಕೌಂಟಿಯ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಕಾಯ್ದೆಯ ಮುಖ್ಯ ಭಾಗವೊಂದನ್ನು ನಿಷ್ಪ್ರಯೋಜಕಗೊಳಿಸಿತ್ತು.

'ರಸ್ಟಿನ್' (2023) ಇದೇ ದಾರಿ ಹಿಡಿದ ಸಿನಿಮಾ. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಸುಮಾರು ಎರಡೂವರೆ ಲಕ್ಷ ಜನ ಸೇರಿದ್ದನ್ನು ಲೋಕ ಕಿಂಗ್ ಅವರ ಭಾಷಣದಿಂದ ನೆನಪಿಟ್ಟಿದೆ. ಸುಮಾರು ಎರಡು ತಿಂಗಳಲ್ಲಿ ಬಸ್ಸು, ನೀರು, ಊಟ, ಶೌಚಾಲಯ, ಸ್ವಯಂಸೇವಕರ ತರಬೇತಿ ಎಲ್ಲವನ್ನೂ ಹೊಂದಿಸಿದವರು ಬೇಯರ್ಡ್ ರಸ್ಟಿನ್. ಸಲಿಂಗಕಾಮಿ ಎಂಬ ಕಾರಣಕ್ಕೆ ಅವರನ್ನು ಸ್ವಂತ ಚಳವಳಿಯೇ ಹಿಂದಿನ ಸಾಲಿಗೆ ತಳ್ಳಿತ್ತು, ಕಿಂಗ್ ಕೂಡ ಒಮ್ಮೆ ಕೈಬಿಟ್ಟಿದ್ದರು. ಗಾಂಧಿಯವರ ಮಾರ್ಗವನ್ನು ಅರಿಯಲು 1948ರಲ್ಲಿ ಭಾರತಕ್ಕೆ ಬಂದಿದ್ದ ಈ ಮನುಷ್ಯ ಮಾಂಟ್‌ಗೊಮರಿಯಲ್ಲಿ ಕಿಂಗ್ ಅವರಿಗೆ ಅಹಿಂಸೆಯ ಪಾಠ ಹೇಳಿದವರು. ಕೋಲ್ಮನ್ ಡೊಮಿಂಗೊ ಅವರ ಅಭಿನಯ ಸಿನಿಮಾವನ್ನು ಎತ್ತಿ ನಿಲ್ಲಿಸುತ್ತದೆ. ಸಂಭಾಷಣೆ ಅಲ್ಲಲ್ಲಿ ಪಾಠ ಒಪ್ಪಿಸಿದಂತಿದೆ ಎನ್ನುವುದೂ ನಿಜ. ಆದರೂ ಸಂಘಟನೆಯ ಕೂಲಿ ಕೆಲಸಕ್ಕೆ ಇಷ್ಟು ಮರ್ಯಾದೆ ಕೊಟ್ಟ ಸಿನಿಮಾ ಅಪರೂಪ.

ಹೆಂಗಸರ ವಿಷಯಕ್ಕೆ ಬಂದರೆ ಹಾಲಿವುಡ್‌ನ ಸಾಲ ಇನ್ನೂ ತೀರಿಲ್ಲ. ಮಾಂಟ್‌ಗೊಮರಿಯಲ್ಲಿ 1955ರ ಡಿಸೆಂಬರ್‌ನಲ್ಲಿ ರೋಸಾ ಪಾರ್ಕ್ಸ್ ಬಂಧನವಾದ ರಾತ್ರಿ ಕಾಲೇಜು ಅಧ್ಯಾಪಕಿ ಜೋ ಆನ್ ರಾಬಿನ್ಸನ್ ಬೆಳಗಾಗುವವರೆಗೂ ಸಾವಿರಗಟ್ಟಲೆ ಕರಪತ್ರ ಸೈಕ್ಲೋಸ್ಟೈಲ್ ಮಾಡಿದರು. 381 ದಿನದ ಬಸ್ ಬಹಿಷ್ಕಾರ ಊರಿಗೆಲ್ಲ ತಿಳಿದದ್ದು ಆ ಹಾಳೆಗಳಿಂದ. ಆ ಒಂದು ರಾತ್ರಿಯೇ ಪೂರ್ತಿ ಸಿನಿಮಾಕ್ಕೆ ಸಾಲುತ್ತದೆ.

ನಮ್ಮ ನೆಲಕ್ಕೆ ಬರೋಣ. ಅಟೆನ್‌ಬರೋ ಅವರ 'ಗಾಂಧಿ' (1982) ಎಂಟು ಆಸ್ಕರ್ ಗೆದ್ದಿತು. ಮೂರು ಗಂಟೆಗೂ ಮೀರಿದ ಆ ಸಿನಿಮಾದಲ್ಲಿ ಅಂಬೇಡ್ಕರ್ ಎಂಬ ಪಾತ್ರವೇ ಇಲ್ಲ. 1932ರ ಪುಣೆ ಒಪ್ಪಂದವಿಲ್ಲ. ಗಾಂಧಿಯವರನ್ನು ಎದುರು ನಿಂತು ಪ್ರಶ್ನಿಸಿದವರನ್ನು ತೆಗೆದುಬಿಟ್ಟರೆ ಗಾಂಧಿಯವರೂ ಚಿಕ್ಕವರಾಗುತ್ತಾರೆ. ಆ ಕೊರತೆ ತುಂಬಿದ್ದು ಜಬ್ಬಾರ್ ಪಟೇಲ್ ನಿರ್ದೇಶನದ 'ಡಾ. ಬಾಬಾಸಾಹೇಬ್ ಅಂಬೇಡ್ಕರ್'. ಸರ್ಕಾರದ ಹಣದಲ್ಲಿ ತಯಾರಾಗಿ 2000ದಲ್ಲಿ ತೆರೆಗೆ ಬಂದ ಈ ಸಿನಿಮಾದ ಅಂಬೇಡ್ಕರ್ ಪಾತ್ರಕ್ಕೆ ಮಮ್ಮೂಟ್ಟಿ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಪಡೆದರು. ಅಲ್ಲಿ ಗಾಂಧಿಯವರೂ ಇದ್ದಾರೆ, ಜಗಳವೂ ಇದೆ. ಮಹಾಡ್‌ನ ಚೌದಾರ್ ಕೆರೆಯ ದೃಶ್ಯ, 1927ರ ಮಾರ್ಚ್ 20ರಂದು ದಲಿತರು ಕೆರೆಗಿಳಿದು ಕುಡಿದ ಆ ನೀರು, ಇಂದಿಗೂ ಮೈ ನವಿರೇಳಿಸುತ್ತದೆ. ಬೇರೆ ಕಡೆ ಕೋಣೆಗಳಲ್ಲಿ ಕೂತು ವಾದಿಸುವ ದೃಶ್ಯಗಳು ಉದ್ದವಾದವು, ಬದುಕಿನ ಎಲ್ಲ ಮೈಲಿಗಲ್ಲುಗಳನ್ನೂ ಮುಟ್ಟುವ ಆತುರ ಕಾಣುತ್ತದೆ. ಇಂಥ ಸಿನಿಮಾವನ್ನು ಜನರ ಹತ್ತಿರ ಒಯ್ಯುವ ಕೆಲಸ ಮಾತ್ರ ಸರಿಯಾಗಿ ಆಗಲಿಲ್ಲ. ತಮಿಳಿನ ಡಬ್ಬಿಂಗ್ ರೂಪ ಚಿತ್ರಮಂದಿರಕ್ಕೆ ಬರಲು ಹತ್ತು ವರ್ಷ ಹಿಡಿಯಿತು.

ಕರ್ನಾಟಕದಲ್ಲಿ ಅಂಬೇಡ್ಕರ್ ಕಥೆಯ ಹಸಿವು ಎಷ್ಟಿತ್ತೆಂಬುದು ಗೊತ್ತಾದದ್ದು 2020ರಲ್ಲಿ, ಹಿಂದಿಯ ಅಂಬೇಡ್ಕರ್ ಧಾರಾವಾಹಿ 'ಮಹಾನಾಯಕ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ಡಬ್ ಆಗಿ ಬಂದಾಗ. ಊರೂರುಗಳ ಕೇರಿಯ ಬಾಯಲ್ಲಿ ಫ್ಲೆಕ್ಸ್ ಎದ್ದವು. ಸಿನಿಮಾ ನಟರಿಗೆ ಸಲ್ಲುತ್ತಿದ್ದ ಸಂಭ್ರಮ ಒಂದು ಧಾರಾವಾಹಿಗೆ, ಅದರಲ್ಲೂ ಒಬ್ಬ ಹಕ್ಕಿನ ಹೋರಾಟಗಾರನ ಬಾಲ್ಯದ ಕಥೆಗೆ ಸಂದಿತು. ಕಲೆಯಾಗಿ ಅದು ಸಾಧಾರಣ, ಒಪ್ಪುತ್ತೇನೆ. ಆದರೆ ಟಿವಿಯಲ್ಲಿ ತಮ್ಮ ಮನೆಯ ಮಗನನ್ನು ಮೊದಲ ಸಲ ಕಂಡವರ ಖುಷಿಯ ಮುಂದೆ ಆ ಮಾತಿಗೆ ಹೆಚ್ಚು ತೂಕವಿಲ್ಲ.

ಇನ್ನು ನಮ್ಮ ನಿರ್ದೇಶಕರಲ್ಲಿ ಒಂದು ಬೇಡಿಕೆ. ಹುಟ್ಟಿನಿಂದ ಸಾವಿನವರೆಗಿನ ಇನ್ನೊಂದು ಮಹಾಪುರುಷ ಚಿತ್ರ ಸದ್ಯಕ್ಕೆ ಬೇಡ. 1973ರ ನವೆಂಬರ್ ತೆಗೆದುಕೊಳ್ಳಿ. ದೇವರಾಜ ಅರಸು ಅವರ ಸಂಪುಟದಲ್ಲಿ ಮಂತ್ರಿಯಾಗಿ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ರಾಜ್ಯ ಹೊತ್ತಿ ಉರಿಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಮಂತ್ರಿ ರಾಜೀನಾಮೆ ಕೊಟ್ಟರು. ಆ ಬಿಸಿಯಲ್ಲೇ ಒಂದು ಪೀಳಿಗೆ ಒಗ್ಗೂಡಿ, ಎಪ್ಪತ್ತರ ದಶಕದಲ್ಲಿ ಬಿ. ಕೃಷ್ಣಪ್ಪ, ಸಿದ್ಧಲಿಂಗಯ್ಯ, ದೇವನೂರ ಮಹಾದೇವ ಮುಂತಾದವರೊಂದಿಗೆ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಆ ಕೆಲವು ವಾರಗಳಲ್ಲಿ ಮಂತ್ರಿ ಇದ್ದಾರೆ, ಕವಿಗಳಿದ್ದಾರೆ, ಹಾಸ್ಟೆಲ್ ಹುಡುಗರಿದ್ದಾರೆ, ಹೊಡೆದವರೂ ಇದ್ದಾರೆ. ಆಗ ಹಾಸ್ಟೆಲ್‌ನಲ್ಲಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಸಿನಿಮಾ ಮಾಡುವವರು ಕ್ಯಾಮೆರಾ ಹಿಡಿಯುವ ಮೊದಲು ಅವರ ಮನೆಗಳಿಗೆ ಹೋಗಿ ಕೂತು ಕೇಳಿಸಿಕೊಳ್ಳಲಿ. ಈ ವರ್ಷವೇ ಹೋಗಲಿ.